ಎಪ್ಪತ್ತು ದಿನದ ಹಾಜರಿ

ಸರ್ಕಾರದ ಕಡತದ ಪ್ರಕಾರ ಮರ್ವ್ ಟ್ರೆಲೋರ್ ಗಟ್ಟಿಮುಟ್ಟಾದ ಮನುಷ್ಯ. ಮೂರೂವರೆ ವರ್ಷ ಜಪಾನಿಗಳ ಸೆರೆಯಲ್ಲಿದ್ದು, ಬರ್ಮಾದ ಗಡಿಯ ಕಾಡು ಕಡಿದು ರೈಲು ಹಳಿ ಹಾಕಿ, ಒಂದು ದಿನವೂ ಹಾಸಿಗೆ ಹಿಡಿಯದೆ ಮನೆಗೆ ಬಂದವನು. ಆ ಕಡತದ ನಕಲು ನನ್ನ ಬೀರುವಿನಲ್ಲಿದೆ. ಒಂದು ಕಾಲಿಲ್ಲದೆ ಮಣ್ಣಿಗೆ ಹೋದವನನ್ನು ಗಟ್ಟಿಮುಟ್ಟು ಎಂದು ಬರೆದಿಟ್ಟ ಆ ಹಾಳೆಗಳನ್ನು ಎಷ್ಟು ಸಲ ಒಲೆಗೆ ಹಾಕಲು ಹೊರಟಿದ್ದೇನೋ ಲೆಕ್ಕವಿಲ್ಲ. ಹಾಕಿಲ್ಲ. ಅದು ಹಾಗೆ ಆಗುವುದಕ್ಕೆ ಕಾರಣರಾದವರಲ್ಲಿ ನಾನೂ ಒಬ್ಬ.

ನನ್ನ ಹೆಸರು ಡಗ್. ಯುದ್ಧದಲ್ಲಿ ನಾನು ಗುಂಡು ಹಾರಿಸಿದವನಲ್ಲ, ಡಾರ್ವಿನ್ ಬಂದರಿನ ಸೈನ್ಯದ ಉಗ್ರಾಣದಲ್ಲಿ ಕಂಬಳಿ ಎಣಿಸಿದವನು. ಅಲ್ಲಿ ಕಲಿತದ್ದು ಒಂದೇ, ಫಾರಂ ತುಂಬುವುದು. ಅದಕ್ಕೇ ನಮ್ಮೂರು ಬಿರಾಂಗಿಯ ಮಾಜಿ ಸೈನಿಕರು ಪಿಂಚಣಿ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ಪ್ರತಿ ಗುರುವಾರ ಸಾಯಂಕಾಲ ಅವರ ಸಭಾಭವನದಲ್ಲಿ ಬಿಲಿಯರ್ಡ್ಸ್ ಮೇಜಿನ ಪಕ್ಕ ನನ್ನದೊಂದು ಪುಟ್ಟ ಮೇಜು. ಅತ್ತ ಚೆಂಡು ಉರುಳುತ್ತಿರುತ್ತದೆ, ಬಿಯರ್ ಸುರಿಯುತ್ತಿರುತ್ತದೆ, ಇತ್ತ ನಾನು ಒಬ್ಬೊಬ್ಬನ ಬೆನ್ನುನೋವಿಗೂ ದಿನಾಂಕ ಹುಡುಕುತ್ತ ಕೂತಿರುತ್ತೇನೆ. ಫಾರಂನ ಹದಿನಾಲ್ಕನೆಯ ಪ್ರಶ್ನೆ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ: ಕಾಯಿಲೆ ಆರಂಭವಾದ ದಿನಾಂಕ, ಸ್ಥಳ, ಚಿಕಿತ್ಸೆ ನೀಡಿದ ವೈದ್ಯರ ಹೆಸರು. ಮೊಣಕಾಲವರೆಗೆ ಕೆಸರಿನಲ್ಲಿ ನಿಂತು ಕಲ್ಲು ಒಡೆಯುತ್ತಿದ್ದವನು ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ಕಾಯಿಲೆ ಬೀಳಬೇಕಿತ್ತಂತೆ.

ಮರ್ವ್ ಇಪ್ಪತ್ತೈದು ವರ್ಷ ಆ ಮೇಜಿನ ಹತ್ತಿರ ಸುಳಿಯಲಿಲ್ಲ. ರೈಲು ಹಳಿ ಪಕ್ಕದ ಗೋಧಿ ಕಣಜದಲ್ಲಿ ಅವನ ಕೆಲಸ. ಕೊಯ್ಲಿನ ಕಾಲದಲ್ಲಿ ದಿನಕ್ಕೆ ಇಪ್ಪತ್ತು ಸಲ ಕಬ್ಬಿಣದ ಏಣಿ ಹತ್ತಿ ಇಳಿಯುತ್ತಿದ್ದ. ಮದುವೆಯಾಗಿರಲಿಲ್ಲ. ತಗಡಿನ ಮನೆ, ಹಿತ್ತಿಲಲ್ಲಿ ಆಲೂಗಡ್ಡೆ, ಟಿಪ್ ಎಂಬ ಕಿವುಡು ನಾಯಿ. ಭಾನುವಾರ ಮಧ್ಯಾಹ್ನ ಮಾತ್ರ ಗಡ್ಡ ಹೆರೆದು, ಶುಭ್ರವಾದ ಅಂಗಿ ತೊಟ್ಟು, ಥೆಲ್ಮಾ ಹಿಂಚ್ ಮನೆಗೆ ಊಟಕ್ಕೆ ಹೋಗುತ್ತಿದ್ದ. ಥೆಲ್ಮಾ ಅವನ ಗೆಳೆಯ ಪರ್ಸ್‌ನ ಹೆಂಡತಿ. ಪರ್ಸ್ ಮತ್ತು ಮರ್ವ್ ಒಟ್ಟಿಗೆ ಸೈನ್ಯ ಸೇರಿ, ಒಟ್ಟಿಗೆ ಸೆರೆ ಸಿಕ್ಕು, ಒಟ್ಟಿಗೆ ವಾಪಸು ಬಂದವರು. ಪರ್ಸ್ ಅರವತ್ತೊಂದನೆಯ ಇಸವಿಯಲ್ಲಿ ಹೃದಯದ ಕಾಯಿಲೆಯಿಂದ ಸತ್ತ. ಆಮೇಲೂ ಮರ್ವ್‌ನ ಭಾನುವಾರ ತಪ್ಪಲಿಲ್ಲ. ಅವಳ ನಲ್ಲಿ ರಿಪೇರಿ ಮಾಡುವುದು, ಚಾವಣಿಗೆ ಮೊಳೆ ಹೊಡೆಯುವುದು, ಹುರಿದ ಕುರಿಮಾಂಸ ತಿಂದು ತಟ್ಟೆ ತೊಳೆದಿಟ್ಟು ಬರುವುದು. ಊರಿನವರು ಏನೇನೋ ಆಡಿಕೊಂಡರು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎಪ್ಪತ್ತನೆಯ ಇಸವಿಯಲ್ಲಿ ಅವನ ಎಡಗಾಲಿನ ಹಳೆಯ ಗಾಯ ಬಾಯಿ ಬಿಟ್ಟಿತು. ಮೊಣಕಾಲಿನ ಕೆಳಗೆ, ಮೂಳೆಯ ಮೇಲೆಯೇ. ಏಣಿ ಹತ್ತಲಾರದೆ ಕೆಲಸ ಹೋಯಿತು. ನಮ್ಮೂರ ಡಾಕ್ಟರು ನೋಡಿ, ಪಟ್ಟಣದ ಸೈನಿಕ ಆಸ್ಪತ್ರೆಯಲ್ಲಿ ಮೂಳೆ ಕೆರೆದು ಬೇರೆ ಚರ್ಮ ಹಾಕಿಸಬೇಕು, ತಡಮಾಡಿದರೆ ಕಾಲು ಉಳಿಯುವುದಿಲ್ಲ ಎಂದರು. ಆ ಆಸ್ಪತ್ರೆ ಅವನನ್ನು ಸೇರಿಸಿಕೊಳ್ಳಬೇಕಾದರೆ ಗಾಯ ಯುದ್ಧದಲ್ಲಿ ಆದದ್ದು ಎಂದು ಪಿಂಚಣಿ ಕಚೇರಿ ಒಪ್ಪಬೇಕು. ಒಪ್ಪಿದರೆ ಚಿಕಿತ್ಸೆಯೂ ಉಂಟು, ಹೊಟ್ಟೆಪಾಡಿಗೆ ಪಿಂಚಣಿಯೂ ಉಂಟು. ಅಂತೂ ಮರ್ವ್ ಒಂದು ಗುರುವಾರ ಕುಂಟುತ್ತ ಬಂದು, ಟೊಪ್ಪಿ ತೆಗೆದು, ನನ್ನ ಮೇಜಿನ ಮುಂದೆ ಕೂತ.

ಎರಡು ತಿಂಗಳಿಗೆ ಅರ್ಜಿ ತಿರಸ್ಕೃತವಾಗಿ ಬಂತು. ಕಾರಣ, ಯುದ್ಧ ಮುಗಿದ ನಲವತ್ತೈದನೆಯ ಇಸವಿಯಲ್ಲಿ, ಮನೆಗೆ ಬರಲು ಸಿಂಗಾಪುರದಲ್ಲಿ ಹಡಗು ಹತ್ತುವ ಮುನ್ನ ಅವನೇ ಸಹಿ ಹಾಕಿದ ಒಂದು ಹಾಳೆ. ಆರೋಗ್ಯದ ತೊಂದರೆ ಏನಾದರೂ ಇದೆಯೇ ಎಂಬಲ್ಲಿ ದಪ್ಪ ಅಕ್ಷರದಲ್ಲಿ ‘ಇಲ್ಲ’ ಎಂದು ಬರೆದಿದ್ದ. ಯಾಕಪ್ಪಾ ಹೀಗೆ ಬರೆದೆ ಎಂದು ಕೇಳಿದರೆ, ಇದೆ ಅಂದವರನ್ನು ಇನ್ನೂ ಮೂರು ವಾರ ಡೇರೆಯಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ಸಾಲಿನಲ್ಲಿ ಸುದ್ದಿ ಹಬ್ಬಿತ್ತಂತೆ. ಮೈಯಲ್ಲಿ ನಲವತ್ತು ಕಿಲೋ ಇಲ್ಲದವರು, ಕಣ್ಣು ಕಾಣದವರು, ಎಲ್ಲರೂ ‘ಇಲ್ಲ’ ಬರೆದು ಹಡಗು ಹತ್ತಿದರಂತೆ. ಇಂಥ ‘ಇಲ್ಲ’ಗಳನ್ನು ನಾನು ನೂರು ನೋಡಿದ್ದೆ. ನನಗೆ ಹೆದರಿಕೆಯಾಗಲಿಲ್ಲ, ಯಾಕೆಂದರೆ ನನ್ನ ಕೈಯಲ್ಲಿ ಒಂದು ತುರುಪು ಇತ್ತು.

ಅವರ ಶಿಬಿರದಲ್ಲಿ ಅವರಂತೆಯೇ ಸೆರೆಯಾಗಿದ್ದ ಡಾಕ್ಟರು ಒಂದು ರೋಗಿಗಳ ಪುಸ್ತಕ ಇಟ್ಟಿದ್ದರು. ಯಾರು ಯಾವ ದಿನ ಮಲಗಿದ್ದರು, ಯಾರು ಕೆಲಸಕ್ಕೆ ಹೋದರು, ಎಲ್ಲ ಅದರಲ್ಲಿತ್ತು. ಡಾಕ್ಟರು ತೀರಿಕೊಂಡ ಮೇಲೂ ಅದು ಸೈನ್ಯದ ದಾಖಲೆಗಳಲ್ಲಿ ಉಳಿದಿತ್ತು. ಪರ್ಸ್ ಸತ್ತಾಗ ಥೆಲ್ಮಾಗೆ ಪಿಂಚಣಿ ಕೊಡಿಸಲು ನಾನೇ ಆ ಪುಸ್ತಕವನ್ನು ಪತ್ತೆ ಹಚ್ಚಿದ್ದೆ. ಪರ್ಸ್ ಎಪ್ಪತ್ತು ದಿನ ಮೈ ಊದಿಕೊಂಡು, ಹೃದಯ ಸೋತು ಮಲಗಿದ್ದ ಎಂದು ಅದರಲ್ಲಿತ್ತು. ಆ ಒಂದು ಪುಟಕ್ಕೆ ಕಚೇರಿ ಬಾಯಿ ಮುಚ್ಚಿತು. ಸೆರೆಯಲ್ಲಿ ಹಿಡಿದ ಕಾಯಿಲೆಯೇ ಅವನ ಜೀವ ತೆಗೆದದ್ದು ಎಂದು ತೀರ್ಮಾನವಾಗಿ, ಥೆಲ್ಮಾ ಪಿಂಚಣಿಯ ಮೇಲೆ ಬದುಕುತ್ತಿದ್ದಳು. ನನ್ನ ಜೀವಮಾನದ ದೊಡ್ಡ ಗೆಲುವು ಅದು. ಹತ್ತು ವರ್ಷ ಹೇಳಿಕೊಂಡು ತಿರುಗಿದ್ದೇನೆ.

ಅದೇ ಪುಸ್ತಕ ತರಿಸುತ್ತೇನೆ ಎಂದಾಗ ಮರ್ವ್‌ನ ಮುಖ ಸಪ್ಪಗಾಯಿತು. ಆ ಪುಸ್ತಕದ ಸಹವಾಸ ಬೇಡ ಎಂದ. ಇವನಿಗೇನು ಗೊತ್ತು ಎಂದುಕೊಂಡು ನಾನು ತರಿಸಿಯೇಬಿಟ್ಟೆ. ನಕಲು ಬಂದ ದಿನ ಲಕೋಟೆ ಒಡೆದು ನೋಡುತ್ತೇನೆ, ಮಳೆಗಾಲದ ಅಷ್ಟೂ ದಿನ ಟ್ರೆಲೋರ್ ಹೆಸರಿನ ಮುಂದೆ ಒಂದೇ ಮಾತು: ಕೆಲಸ, ಕೆಲಸ, ಕೆಲಸ.

ಸಿಟ್ಟು ನೆತ್ತಿಗೇರಿತು. ನೇರ ಅವನ ಹಿತ್ತಿಲಿಗೆ ಹೋದೆ. ಅವನು ಮಂಡಿಯೂರಿ ಆಲೂಗಡ್ಡೆ ಅಗೆಯುತ್ತಿದ್ದ. ನನಗೆ ಸುಳ್ಳು ಹೇಳಿದೆಯಾ, ಆ ಗಾಯ ಆದದ್ದೆಲ್ಲಿ, ಕಣಜದಲ್ಲಾ ಎಂದು ಬಾಯಿಗೆ ಬಂದದ್ದು ಅಂದೆ. ಅವನು ಮಣ್ಣು ಕೊಡವಿಕೊಂಡು ಎದ್ದು ನಿಂತು ಹೇಳಿದ.

ಶಿಬಿರದಲ್ಲಿ ಪ್ರತಿಯೊಬ್ಬನ ಕೊರಳಿಗೂ ಮರದ ಬಿಲ್ಲೆಯಲ್ಲಿ ಒಂದು ನಂಬರು. ಕಾವಲುಗಾರರು ಮುಖ ನೋಡುತ್ತಿರಲಿಲ್ಲ, ಬಿಲ್ಲೆ ನೋಡುತ್ತಿದ್ದರು. ಇಷ್ಟೇ ಜನ ಮಲಗಬಹುದು ಎಂದು ಅವರದೇ ಒಂದು ಲೆಕ್ಕ. ಅದು ತುಂಬಿದ ಮೇಲೆ ಕಾಲು ಮುರಿದವನೂ ಗುದ್ದಲಿ ಹಿಡಿಯಬೇಕು. ಪರ್ಸ್‌ಗೆ ಜ್ವರ ಬಂದು ಅವನ ನಂಬರು ಮಲಗುವವರ ಪಟ್ಟಿಗೆ ಹತ್ತಿತ್ತು. ಮೂರನೆಯ ದಿನ ಜ್ವರ ಬಿಟ್ಟಿತು. ಅದೇ ದಿನ ಮರ್ವ್ ಎಡಗಾಲಿನ ಹುಣ್ಣಿನಿಂದ ನೆಲಕ್ಕೆ ಬಿದ್ದ. ಪಟ್ಟಿಯಲ್ಲಿ ಜಾಗವಿಲ್ಲ. ಪರ್ಸ್ ತನ್ನ ಬಿಲ್ಲೆಯನ್ನು ಇವನ ಕೊರಳಿಗೆ ಹಾಕಿ, ಇವನದನ್ನು ತಾನು ಹಾಕಿಕೊಂಡು ಕೆಲಸಕ್ಕೆ ಹೋದ. ಮಾರನೆಯ ದಿನವೂ ಹೋದ. ಎಪ್ಪತ್ತು ದಿನ ಹೋದ. ಅಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಹೀಗೆ ಹೋಗುತ್ತಿದ್ದರಂತೆ, ಯಾರೂ ಅದನ್ನೊಂದು ಉಪಕಾರ ಎಂದು ಹೇಳಿಕೊಳ್ಳುತ್ತಿರಲಿಲ್ಲವಂತೆ. ಡಾಕ್ಟರಿಗೆ ಎಲ್ಲ ಗೊತ್ತಿತ್ತು. ಆದರೆ ಕಾವಲುಗಾರರು ಪುಸ್ತಕ ತಪಾಸಣೆ ಮಾಡುತ್ತಿದ್ದರಿಂದ ಬಿಲ್ಲೆಯ ನಂಬರಿಗೆ ಸೇರಿದ ಹೆಸರನ್ನೇ ಬರೆದರು.

ಅಂದರೆ ಪರ್ಸ್‌ನ ಪುಟದಲ್ಲಿದ್ದದ್ದು ಮರ್ವ್‌ನ ಕಾಲು, ಮರ್ವ್‌ನ ಊತ, ಮರ್ವ್‌ನ ಹೃದಯ. ನನ್ನ ದೊಡ್ಡ ಗೆಲುವು ನಿಂತಿದ್ದದ್ದು ಅದರ ಮೇಲೆ.

ಇದನ್ನು ಹೀಗೇ ಬರೆದು ಕೊಡೋಣ ಎಂದೆ.

“ಬರೆದ್ರೆ ಥೆಲ್ಮಾ ಪಿಂಚಣಿ ಏನಾಗುತ್ತೆ?” ಎಂದು ಮರ್ವ್ ಕೇಳಿದ.

“ಮತ್ತೆ ವಿಚಾರಣೆ ಆಗಬಹುದು. ನಿಲ್ಲಿಸಲೂಬಹುದು,” ಎಂದೆ.

“ಮತ್ತೆ ಮಾತೇ ಬೇಡ ಮಾರಾಯ. ಆಲೂಗಡ್ಡೆ ತಗೊಂಡು ಹೋಗು.”

ಒಂದು ಚೀಲ ಆಲೂಗಡ್ಡೆ ಕೊಟ್ಟು ಕಳಿಸಿದ. ಪರ್ಸ್‌ಗೂ ಅಲ್ಲಿ ಮೈ ಊದಿದ್ದು ನಿಜ, ಇಬ್ಬರ ಕೆಲಸ ಮಾಡಿ ಅವನ ಹೃದಯ ಹಾಳಾದದ್ದೂ ನಿಜ, ಆದರೆ ಅದಕ್ಕೆ ಪುಸ್ತಕದಲ್ಲಿ ಒಂದಕ್ಷರ ಪುರಾವೆಯಿಲ್ಲ. ಪುರಾವೆಯಿಲ್ಲದ ನಿಜವನ್ನು ಆ ಕಚೇರಿ ಮೂಸಿಯೂ ನೋಡುವುದಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಕಚೇರಿಯನ್ನು ಬೈದೆ, ಜಪಾನಿಗಳನ್ನು ಬೈದೆ, ಸತ್ತ ಡಾಕ್ಟರನ್ನು ಬೈದೆ, ಮರ್ವ್‌ನನ್ನು ಎಲ್ಲರಿಗಿಂತ ಹೆಚ್ಚು ಬೈದೆ.

ಪಟ್ಟಣದಲ್ಲಿ ಮೇಲ್ಮನವಿ ಮಂಡಳಿ ಎಂದು ಒಂದಿತ್ತು. ಅಲ್ಲಿಗೆ ಬರಲು ಮರ್ವ್‌ನನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಬಿಲ್ಲೆ ಬದಲಾಯಿಸಿದ ಮಾತು ನಾನು ಎತ್ತಬಾರದು ಎಂಬ ಷರತ್ತು ಹಾಕಿದ. ಎತ್ತುವುದಿಲ್ಲ ಎಂದು ಮಾತು ಕೊಟ್ಟೆ. ನಾನು ಎತ್ತುವುದಿಲ್ಲ, ಸರಿ. ಆದರೆ ಥೆಲ್ಮಾಳ ಬಾಯಿಗೆ ನಾನು ಹೊಣೆ ಹೊತ್ತಿರಲಿಲ್ಲವಲ್ಲ.

ಪರ್ಸ್‌ನದೊಂದು ಹಳೆಯ ಚೇಷ್ಟೆಯ ಮಾತು ಇತ್ತು. ಅವನು ಸತ್ತ ಮೇಲೂ ಥೆಲ್ಮಾ ಅದನ್ನು ಭಾನುವಾರದ ಊಟದಲ್ಲಿ ಹೇಳಿ ಮರ್ವ್‌ನನ್ನು ರೇಗಿಸುತ್ತಿದ್ದಳು. ನನ್ನ ಮುಂದೆಯೇ ಎಷ್ಟೋ ಸಲ ಹೇಳಿದ್ದಳು. ಅದರ ಅರ್ಥ ಅವಳಿಗೆ ಗೊತ್ತಿರಲಿಲ್ಲ, ನನಗೂ ಆಲೂಗಡ್ಡೆಯ ದಿನದವರೆಗೆ ಗೊತ್ತಿರಲಿಲ್ಲ. ಅವಳನ್ನು ಸಾಕ್ಷಿಯಾಗಿ ಕರೆದುಕೊಂಡು ಹೋದರೆ ಆ ಮಾತು ತಾನಾಗಿ ಬರುತ್ತದೆ, ಮಂಡಳಿ ಮುಂದಿರುವುದು ಮರ್ವ್‌ನ ಕಡತ ಮಾತ್ರ, ಅವಳ ಪಿಂಚಣಿಯ ತಂಟೆಗೆ ಯಾರೂ ಹೋಗುವುದಿಲ್ಲ ಎಂದು ಲೆಕ್ಕ ಹಾಕಿದೆ. ನನ್ನ ಬುದ್ಧಿಗೆ ಮಂಕು ಕವಿದಿತ್ತು. ಮರ್ವ್ ಪಡುತ್ತಿದ್ದ ಕಷ್ಟದ ಬಗ್ಗೆ ಎರಡು ಮಾತು ಹೇಳಿ ಬಾ ಎಂದಾಗ ಅವಳು ಕುಣಿದುಕೊಂಡು ಹೊರಟಳು, ನೀಲಿ ಟೊಪ್ಪಿಗೆ ಇಸ್ತ್ರಿ ಮಾಡಿದ ರಿಬ್ಬನ್ ಕಟ್ಟಿಕೊಂಡು.

ಮಂಡಳಿಯಲ್ಲಿ ಮೂವರು. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಸಭ್ಯ ಮನುಷ್ಯ. ಒಬ್ಬ ಡಾಕ್ಟರು, ಒಬ್ಬ ಮಾಜಿ ಸೈನಿಕ. ಡಾಕ್ಟರು ಮರ್ವ್‌ನ ಕಾಲನ್ನು ಪಕ್ಕದ ಕೋಣೆಯಲ್ಲಿ ನೋಡಿ ಬಂದು, ಹಳೆಯ ಗಾಯ ಹೌದು, ಆದರೆ ಯಾವ ಕಾಲದ್ದು ಎಂದು ಹೇಳಲಾಗದು, ಹೊಲದ ಯಂತ್ರಕ್ಕೆ ಸಿಕ್ಕಿದರೂ ಹೀಗೇ ಆಗುತ್ತದೆ ಎಂದರು. ಆಮೇಲೆ ಥೆಲ್ಮಾಳ ಸರದಿ. ಅವಳು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಮರ್ವ್ ಎಂಥ ಒಳ್ಳೆಯವನು, ತನ್ನ ಮನೆಯ ಚಾವಣಿಯನ್ನು ಎಷ್ಟು ಸಲ ಸರಿ ಮಾಡಿದ್ದಾನೆ ಎಂದು ಶುರು ಮಾಡಿದಳು. ಸೆರೆಯ ದಿನಗಳ ಬಗ್ಗೆ ನಿಮ್ಮ ಗಂಡ ಏನಾದರೂ ಹೇಳುತ್ತಿದ್ದರೇ ಎಂದು ಅಧ್ಯಕ್ಷರು ಕೇಳಿದರು. ಅವಳ ಮುಖ ಅರಳಿತು.

“ಪರ್ಸ್ ಯಾವಾಗ್ಲೂ ಹೇಳ್ತಿದ್ದ ಸರ್, ಈ ಮರ್ವ್‌ನಂಥ ಸೋಮಾರೀನ ನಾನು ನೋಡೇ ಇಲ್ಲ, ಎಪ್ಪತ್ತು ದಿನ ಅಂಗಾತ ಬಿದ್ಕೊಂಡಿದ್ದ, ಇವನ ಗುದ್ದಲೀನೂ ನಾನೇ ಹಿಡೀಬೇಕಾಯ್ತು ಅಂತ.”

ಮಾಜಿ ಸೈನಿಕ ನಕ್ಕ. ಅಧ್ಯಕ್ಷರು ನಗಲಿಲ್ಲ. ಕಚೇರಿ ಕಡತಕ್ಕೆ ಸೇರಿಸಿದ್ದ ಆ ಪುಸ್ತಕದ ನಕಲನ್ನು ಡಾಕ್ಟರ ಕಡೆಗೆ ಸರಿಸಿದರು. ಡಾಕ್ಟರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ಟ್ರೆಲೋರ್, ಕೆಲಸಕ್ಕೆ ಹಾಜರು. ಹಿಂಚ್, ಎಡಗಾಲಿನಲ್ಲಿ ಮೊಣಕಾಲ ಕೆಳಗೆ ಅಂಗೈಯಗಲ ಹುಣ್ಣು, ಮೂಳೆ ಕಾಣುತ್ತಿದೆ, ದಿನವೂ ಚಮಚದಿಂದ ಕೆರೆಯಲಾಗುತ್ತಿದೆ, ಮೈ ಊತ, ಹೃದಯ ದುರ್ಬಲ, ಎಪ್ಪತ್ತು ದಿನ.

ಥೆಲ್ಮಾ ಕುರ್ಚಿಯಿಂದ ಬಗ್ಗಿ ಡಾಕ್ಟರ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು.

“ಒಂದೋ ಈ ಪುಸ್ತಕ ತಪ್ಪು, ಇಲ್ಲ ಈಗ ಕೇಳಿದ ಮಾತು ತಪ್ಪು,” ಎಂದರು ಅಧ್ಯಕ್ಷರು. “ಪುಸ್ತಕ ತಪ್ಪು ಅನ್ನೋದಾದ್ರೆ, ಇದನ್ನ ನಂಬಿ ತೀರ್ಮಾನ ಮಾಡಿದ ಬೇರೆ ಕಡತಗಳನ್ನೂ ನಾವು ತೆಗೀಬೇಕಾಗುತ್ತೆ. ಟ್ರೆಲೋರ್ ಅವರೇ, ನೀವೇನು ಹೇಳ್ತೀರಿ?”

ಕೂತೇ ಹೇಳಬಹುದಿತ್ತು. ಮರ್ವ್ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತ. ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಎಣಿಕೆಗೆ ನಿಲ್ಲುವ ಸೈನಿಕನಂತೆ ನೆಟ್ಟಗೆ ನಿಂತ. ಕಾಲುಚೀಲದ ಮೇಲೆ ಒದ್ದೆ ಕಲೆ ಹರಡುತ್ತಿದ್ದದ್ದು ನನಗೆ ಕಾಣುತ್ತಿತ್ತು.

“ಪುಸ್ತಕ ಸರಿಯಾಗಿದೆ ಸರ್. ಪರ್ಸ್ ತಮಾಷೆಗೆ ಹೇಳ್ತಿದ್ದ.”

“ಆ ಎಪ್ಪತ್ತು ದಿನ ನೀವು ಕೆಲಸಕ್ಕೆ ಹೋಗಿದ್ರಾ?”

“ಹೋಗಿದ್ದೆ.”

“ಎಲ್ಲ ದಿನ?”

“ಒಂದು ದಿನಾನೂ ತಪ್ಪಿಲ್ಲ ಸರ್.”

ನಾನು ಏಳಲು ಹೋದೆ. ಅವನು ನನ್ನ ಕಡೆ ಒಂದು ಸಲ ನೋಡಿದ, ಅಷ್ಟೇ. ಕೂತುಕೊಂಡೆ. ಆ ನೋಟಕ್ಕೆ ಕೂತದ್ದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಎದ್ದಿದ್ದರೂ ಅಷ್ಟೇ ಸಿಟ್ಟು ಇರುತ್ತಿತ್ತು. ಹತ್ತು ನಿಮಿಷದಲ್ಲಿ ತೀರ್ಮಾನ ಮುಗಿಯಿತು. ಅರ್ಜಿದಾರನ ಸ್ವಂತ ಹೇಳಿಕೆಯ ಪ್ರಕಾರ ಅವನು ಆರೋಗ್ಯವಾಗಿದ್ದ. ಅಧ್ಯಕ್ಷರು ಅವನ ಕೈ ಕುಲುಕಿ, ಅಷ್ಟು ಕಷ್ಟದಲ್ಲೂ ಒಂದು ದಿನ ತಪ್ಪದೆ ದುಡಿದದ್ದು ದೊಡ್ಡ ವಿಷಯ ಎಂದು ಹೊಗಳಿ ಕಳಿಸಿದರು.

ವಾಪಸು ಬರುವಾಗ ರೈಲಿನಲ್ಲಿ ಮರ್ವ್ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ. ಥೆಲ್ಮಾ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಅವನ ಕಾಲನ್ನೇ ನೋಡುತ್ತಿದ್ದಳು. ಚಹಾಕ್ಕೆ ರೈಲು ನಿಂತಾಗ ನನ್ನ ಹಿಂದೆಯೇ ಇಳಿದು ಬಂದಳು.

“ಡಗ್, ಎಡಗಾಲು ಅಂದ್ರಲ್ಲ ಆ ಡಾಕ್ಟರು?”

“ಹೂಂ.”

“ಪರ್ಸ್ ಎಡಗಾಲಲ್ಲಿ ಒಂದು ತರಚಿದ ಗುರುತೂ ಇರ್ಲಿಲ್ಲ. ಕೊನೇ ಆರು ತಿಂಗಳು ನಾನೇ ತೊಳೆದಿದೀನಿ ಕಣೋ.”

ಪಿಂಚಣಿಯ ಕಾಲಕ್ಕೆ ಆ ಪುಟವನ್ನು ಅವಳಿಗೆ ನಾನು ಓದಿ ಹೇಳಿರಲಿಲ್ಲ. ಇಲ್ಲಿ ಸಹಿ ಹಾಕಮ್ಮ ಎಂದಿದ್ದೆ, ಹಾಕಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ಉಳಿದದ್ದೆಲ್ಲ ತಿಳಿಯಿತು. ಚಹಾ ಕುಡಿಯದೆ ಹೋಗಿ ತನ್ನ ಜಾಗದಲ್ಲಿ ಕೂತಳು.

ಗುರುವಾರ ನಾನು ಮೇಜಿನ ಬೀಗ ತೆಗೆಯುವ ಮೊದಲೇ ಅವಳು ಬಂದು ನಿಂತಿದ್ದಳು. ಹೇಳಿಕೆ ಬರೆದುಕೋ ಎಂದಳು. ನಾನು ಎಲ್ಲ ಬಿಡಿಸಿ ಹೇಳಿದೆ. ಪಿಂಚಣಿ ನಿಲ್ಲಬಹುದು, ಈ ವಯಸ್ಸಿನಲ್ಲಿ ಮತ್ತೆ ಹೋಟೆಲಿನ ನೆಲ ಒರೆಸುವ ಗತಿ ಬರಬಹುದು ಎಂದೆ. ಅವಳು ಕುರ್ಚಿ ಎಳೆದುಕೊಂಡಳು. ನೆಲ ಒರೆಸಿ ನನಗೆ ಅಭ್ಯಾಸವಿದೆ, ನೀನು ಬರಿ ಎಂದಳು. ಬರೆದೆ. ಗಂಡನ ಎರಡು ಕಾಲನ್ನೂ ಅವಳು ಇಂಚಿಂಚು ಬಣ್ಣಿಸಿದಳು. ಅಷ್ಟು ಒಳ್ಳೆಯ ಹೇಳಿಕೆಯನ್ನು ನಾನು ಬೇರೆ ಯಾರಿಗೂ ಬರೆದಿಲ್ಲ. ಮಂಡಳಿ ಮತ್ತೆ ವಿಚಾರಣೆಗೆ ತೆಗೆದುಕೊಳ್ಳಲು ಬೇಕಾಗಿದ್ದದ್ದು ಇನ್ನೊಂದೇ, ಕೆಳಗೆ ಅರ್ಜಿದಾರನ ಸಹಿ. ಮೂವತ್ತು ದಿನದೊಳಗೆ.

ಇಬ್ಬರೂ ಅವನ ಮನೆಗೆ ಹೋದೆವು. ಮರ್ವ್ ಬಾಗಿಲಲ್ಲಿ ನಿಂತೇ ಹೇಳಿಕೆಯನ್ನು ಕೊನೆಯವರೆಗೆ ಓದಿದ. ಮಡಚಿ ನನ್ನ ಕೈಗೆ ವಾಪಸು ಕೊಟ್ಟ.

“ಎಪ್ಪತ್ತು ದಿನ ಅವನು ನನಗಾಗಿ ಹೋದ, ಡಗ್. ಒಂದು ದಿನ ನಾನು ಅವನಿಗಾಗಿ ಹೋದೆ. ಅದನ್ನೂ ಕಿತ್ಕೋಬೇಡ.”

ಲೇ ಮೂರ್ಖ, ಕಾಲು ಹೋಗುತ್ತದೆ ಕಣೋ ಎಂದು ಕೂಗಾಡಿದೆ. ಸಭಾಭವನದವರೆಲ್ಲ ಸೇರಿ ನಿನ್ನನ್ನು ಎತ್ತಿಕೊಂಡು ಹೋಗಿ ಸಹಿ ಹಾಕಿಸುತ್ತೇವೆ ಎಂದೆ. ಅವನು ನಾಯಿಯ ತಲೆ ಸವರುತ್ತ ನಿಂತಿದ್ದ. ಕಾಲು ಹೋಯಿತು, ಅದೇ ವರ್ಷದ ಚಳಿಗಾಲದಲ್ಲಿ, ಜಿಲ್ಲಾಸ್ಪತ್ರೆಯಲ್ಲಿ. ಮುಂದಿನ ವರ್ಷ ಅವನೂ ಹೋದ. ಅವನು ಹೋದ ಮೇಲೆ, ಸೆರೆಯಲ್ಲಿದ್ದವರು ಯಾವ ಕಾಯಿಲೆಗೂ ಪುರಾವೆ ತರಬೇಕಾಗಿಲ್ಲ, ಎಲ್ಲಕ್ಕೂ ಚಿಕಿತ್ಸೆ ಉಂಟು ಎಂದು ಸರ್ಕಾರ ನಿಯಮ ಮಾಡಿತು. ಆ ಸುತ್ತೋಲೆ ನನ್ನ ಮೇಜಿಗೆ ಬಂದ ಗುರುವಾರ ನಾನು ಯಾರ ಫಾರಂ ಅನ್ನೂ ತುಂಬದೆ ಎದ್ದು ಮನೆಗೆ ಹೋದೆ.

ಆದರೆ ಅದೆಲ್ಲ ಆಮೇಲಿನದು. ಆ ದಿನ ಬಾಗಿಲಲ್ಲಿ ನಾನು ಕೂಗಿ ಕೂಗಿ ಸುಸ್ತಾದ ಮೇಲೆ ಥೆಲ್ಮಾ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದಳು. ಹತ್ತು ವರ್ಷದಲ್ಲಿ ಅವಳು ಅವನ ಮನೆಯ ಹೊಸಿಲು ದಾಟಿದ್ದು ಅದೇ ಮೊದಲು. ಬೇಸಿನ್ ಎಲ್ಲಿದೆ, ಹತ್ತಿ ಎಲ್ಲಿದೆ ಎಂದು ತಾನೇ ಹುಡುಕಿಕೊಂಡಳು. ಮರ್ವ್ ಬೇಡ ಬೇಡ ಎನ್ನುತ್ತ ಅವಳ ಹಿಂದೆ ಕುಂಟುತ್ತ ಹೋದ. ನಾಳೆ ನರ್ಸ್ ಬರುತ್ತಾಳೆ ಎಂದ, ವಾಸನೆ ಬರುತ್ತದೆ ಎಂದ, ಹೆಂಗಸರು ನೋಡುವಂಥದ್ದಲ್ಲ ಎಂದ. ಅವಳು ಮಂಚದ ಮೇಲಿದ್ದ ಹಳೆಯ ಪತ್ರಿಕೆಗಳನ್ನು ನೆಲಕ್ಕೆ ಹಾಕಿ, ಹೊದಿಕೆ ಕೊಡವಿದಳು.

“ಪರ್ಸ್ ಹೆಸರಲ್ಲಿ ಎಪ್ಪತ್ತು ದಿನ ಮಲಗಿದ್ದೆಯಲ್ಲ,” ಎಂದಳು. “ಈಗ ಒಂದು ಗಂಟೆ ನಿನ್ನ ಹೆಸರಲ್ಲಿ ಮಲಗು.”

ಅವನು ಮಲಗಿದ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಅವಳು ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ, ಅಂಟಿಕೊಂಡಿದ್ದ ಬಟ್ಟೆಯನ್ನು ನೀರು ಹಾಕಿ ಹಾಕಿ ಬಿಡಿಸಿದಳು. ಅಲ್ಲಿ ಅಂಗೈಯಗಲದ ಗುಂಡಿ ಇತ್ತು, ಪುಸ್ತಕದಲ್ಲಿ ಬರೆದಿದ್ದಂತೆಯೇ. ಅವಳು ತುಂಬ ಹೊತ್ತು ಅದನ್ನು ನೋಡಿ, ನೀರು ಆರಿದೆ, ಇನ್ನಷ್ಟು ಬಿಸಿ ಮಾಡಿ ತಾ ಎಂದು ನನಗೆ ಹೇಳಿದಳು. ನಾನು ಸಹಿಯಿಲ್ಲದ ಹೇಳಿಕೆಯನ್ನು ಜೇಬಿಗೆ ಹಾಕಿಕೊಂಡು ನೀರು ಕಾಯಿಸಲು ಹೋದೆ.